ಬರೆದು ತಳ್ಳಿದ್ದು

ಮಂಗಳೂರಿನ ಕನ್ನಡ ಪೇಪರು ಬರುವುದು ಹತ್ತರ ಬಸ್ಸಿಗೆ.
ಅಷ್ಟರೊಳಗೆ ಉಪ್ಪಳದ ನಮ್ಮ ಬೀಡಿ ಶೆಡ್ಡಿನಲ್ಲಿ
ಮಲಯಾಳಂ ಪೇಪರನ್ನು ನಾನು ಕನ್ನಡದಲ್ಲಿ ಓದಿಯಾಗಿರುತ್ತದೆ.
ಓದುವವಳಿಗೆ ಕೂಲಿ ಇಲ್ಲ; ಕೇಳುವವರು
ಮೊರಕ್ಕೆ ನಾಲ್ಕು ನಾಲ್ಕು ಬೀಡಿ ಹಾಕುತ್ತಾರೆ,
ಕೊಲೆಯ ಸುದ್ದಿ ಇದ್ದರೆ ಒಂದು ಹೆಚ್ಚು.

ಆ ದಿನ ಮೊದಲ ಪುಟದಲ್ಲಿ, ದಪ್ಪಕ್ಷರ:
ಪಕ್ಕದ ದೇಶದ ಯುದ್ಧಸಾಲವನ್ನು ನಮ್ಮವರು
'ಎಳುದಿತ್ತಳ್ಳಿ'.
ಬಾಯಿಗೆ ಬಂದದ್ದು ಹಾಗೆಯೇ: ಬರೆದು ತಳ್ಳಿದರು.
"ಮನ್ನಾ ಮಾಡಿದರು ಅನ್ನು ಮಾರಾಯ್ತಿ,"
ಸೆವ್ರಿನ್ ಬಾಯಿ ಕತ್ತರಿ ನಿಲ್ಲಿಸದೆ ತಿದ್ದಿದಳು.
"ಬರೆದ ಮೇಲೆ ತಳ್ಳುವುದೆಂತದು? ಎಲ್ಲಿಗೆ?
ತಳ್ಳಿದ್ದು ಬಿದ್ದಲ್ಲಿ ಇರುವುದಿಲ್ಲವಾ?"
ಇದು ಉಮ್ಮಾಲಿ.

ಮುಂದೆ ಓದಿದೆ. ಅಕ್ಕಿ ಇಷ್ಟು ಟನ್ನು,
ರೈಲು ಹಳಿ ಇಷ್ಟು ಮೈಲಿ, ಗುಂಡು ಮದ್ದು ಇಷ್ಟು ಕೋಟಿ.
ಗುಂಡು ಎಂಬಲ್ಲಿ ನಾಲಿಗೆ ಎಡವಿತು.
ಕಮಲಾಕ್ಷಿಯ ಗಂಡ ಬಿದ್ದದ್ದು ಆ ದೇಶದಲ್ಲಿ,
ನಮ್ಮ ಸೈನ್ಯ ರಾಜಿ ಮಾಡಿಸಲು ಹೋಗಿದ್ದಾಗ.
ಯಾರ ಕೋವಿಯಿಂದ ಎಂದು ಸರಕಾರದ ಕಾಗದ ಹೇಳಿರಲಿಲ್ಲ;
ಅದನ್ನು ಓದಿ ಹೇಳಿದ್ದೂ ನಾನೇ.
ಸಾಲ ಕೊಟ್ಟದ್ದರಲ್ಲೇ ಒಂದು ಇರಬಹುದು ಎಂದು
ಯಾರೋ ಅರ್ಧ ಆಡಿ, ಉಳಿದರ್ಧವನ್ನು
ಎಲೆಯೊಳಗಿಟ್ಟು ಸುರುಟಿ ನೂಲು ಸುತ್ತಿದರು.

ಸಂಜೆಯೊಳಗೆ ಅವಳ ಅಂಗಳದಲ್ಲಿ ಎರಡು ಜೀಪು.
ಒಂದರವರು: "ಯಾರಪ್ಪನ ದುಡ್ಡೆಂದು ಬಿಟ್ಟರು?
ನೀವು ಗಂಡನ ಫೋಟೋ ಹಿಡಿದು ಮೆರವಣಿಗೆಯ ಮುಂದೆ ನಡೆಯಬೇಕು."
ಇನ್ನೊಂದರವರು: "ಕ್ಷಮಿಸುವುದು ದೊಡ್ಡ ಗುಣ ಅಕ್ಕ,
ವೇದಿಕೆಯಲ್ಲಿ ಒಂದೇ ಮಾತು ಸಾಕು. ಮತ್ತೆ, ಆ ಫೋಟೋ."
ಚುನಾವಣೆಗೆ ಇಪ್ಪತ್ತು ದಿನ.
ಫೋಟೋಕ್ಕೆ ಗೆದ್ದಲು ಹಿಡಿದಿದೆ, ಎಂದಳಂತೆ.
ಸುಳ್ಳು. ನಾನು ನೋಡಿದ್ದೇನೆ, ಗಾಜು ಕೂಡ ಫಳಫಳ.
ಆಮೇಲೆ ಎರಡೂ ಜೀಪಿಗೆ ಒಂದೊಂದು ಕಟ್ಟು ಬೀಡಿ ಕೊಟ್ಟು
ಕಾಸು ಎಣಿಸಿ ತೆಗೆದುಕೊಂಡಳು;
ಚಿಲ್ಲರೆ ಇಲ್ಲವೆಂದವನನ್ನು ಪೇಟೆಗೆ ಓಡಿಸಿದಳು.

ಮರುದಿನ ಪೇಪರಿಗೆ ಮೊದಲೇ ಜಗಳ.
ಕೊಡಲೇಬಾರದಿತ್ತು. ಕೊಟ್ಟ ಮೇಲೆ ಬಿಡಬಾರದಿತ್ತು.
ಸುಟ್ಟ ಊರು ಎಲ್ಲಿಂದ ಕೊಟ್ಟೀತು?
ನಮ್ಮ ಡಿ.ಎ. ಬಾಕಿ ಇರುವಾಗ ಇವರಿಗೆಂತ ಧಾರಾಳ?
"ನೀನು ಹೇಳು ಕಮಲಾಕ್ಷಿ, ಬಿಟ್ಟದ್ದು ಸರಿಯಾ?"

ಹೇಳಲಿಲ್ಲ. ಎದ್ದಳು.
ರಾತ್ರಿಯಿಡೀ ಚಿಮಣಿಯ ಎದುರು ಸುರುಟಿದ್ದಿರಬೇಕು,
ಚೀಲದಿಂದ ತೆಗೆತೆಗೆದು ಒಬ್ಬೊಬ್ಬರ ಮೊರದಲ್ಲಿ
ಇಪ್ಪತ್ತೈದರ ಒಂದೊಂದು ಕಟ್ಟು ಇಟ್ಟಳು.
"ಅವರು ತೀರಿದ ಮಳೆಗಾಲ ನನ್ನ ಕೈ ಏಳದಾಗ
ನನ್ನ ಮೊರ ತುಂಬಿಸಿದವರು ನೀವು.
ಉಮ್ಮಾಲಿಯದ್ದು ಇನ್ನೂ ಉಂಟು, ಇದು ಮೊದಲ ಕಂತು."

"ಸಾಲ ಎಂದು ಕೊಟ್ಟವರು ಯಾರು?"
ಉಮ್ಮಾಲಿಗೆ ಹೊಡೆಯುವಷ್ಟು ಸಿಟ್ಟು, ಕಣ್ಣು ಕೆಂಪು.
"ನಾವೇನು ಬರೆದಿಟ್ಟಿದ್ದೆವಾ?"
"ನಾನು ಬರೆದಿಟ್ಟಿದ್ದೆ," ಎಂದಳು. "ತಳ್ಳಿರಲಿಲ್ಲ."

ಕತ್ತರಿಗಳು ನಿಂತವು. ಕಣ್ಣೂರಿನ ಲೋಕಲು
ಹಿಂದಿನ ಗೋಡೆಯನ್ನು ನಡುಗಿಸಿ ಹೋಯಿತು.
ನಾನು ಪೇಪರು ಬಿಡಿಸಿದೆ, ಬೇರೇನು ಮಾಡಲಿ.
ಪಕ್ಕದ ದೇಶದ ಮಂತ್ರಿ ಉಪಕಾರ ಸ್ಮರಿಸಿದ್ದ,
ಒಳಪುಟದಲ್ಲಿ, ಒಂದೂವರೆ ಸಾಲು.
ಅದನ್ನು ಹೇಳುವಾಗ ಅವನ ಮುಖ ಹೇಗಿತ್ತೋ
ನೋಡಬೇಕೆನಿಸಿತು. ಫೋಟೋ ಹಾಕಿರಲಿಲ್ಲ.

ಸಂಜೆ ಲೆಕ್ಕದ ಗಿರಿಯಪ್ಪ ಎಣಿಸಿದ,
ಮತ್ತೊಮ್ಮೆ ಎಣಿಸಿದ: ಎಲ್ಲರದೂ ಒಂದು ಕಟ್ಟು ಹೆಚ್ಚು.
ಉಮ್ಮಾಲಿಯದು ಮಾತ್ರ ಸರಿಯಾಗಿ ಸಾವಿರ.
ಅವಳ ಕಟ್ಟು ಕಮಲಾಕ್ಷಿಯ ಮೊರಕ್ಕೆ
ಯಾವಾಗ ಮರಳಿತೋ ಯಾರೂ ನೋಡಿಲ್ಲ.

ನನ್ನದನ್ನು ನಾನು ಇಟ್ಟುಕೊಂಡೆ.
ಆ ಮಳೆಗಾಲ ಅವಳಿಗೆ ನಾನೊಂದು ಬೀಡಿಯೂ ಕೊಟ್ಟವಳಲ್ಲ,
ಒಂದು ಕಾಗದ ಓದಿದ್ದೆ, ಅಷ್ಟೆ.